ಐಸ್ ಬೇಡ ಎಂದ ಗಿರಾಕಿ

ಮಧ್ಯಾಹ್ನ ಹನ್ನೆರಡೂವರೆ. ಅಮೆರಿಕದ ಯಾವುದೋ ಹೆದ್ದಾರಿ ಪಕ್ಕದ ಬರ್ಗರ್ ಅಂಗಡಿ. ಡ್ರೈವ್-ಥ್ರೂ ಸಾಲಿನ ಏಳನೆಯ ಕಾರಿನಲ್ಲಿ ಕುಳಿತ ಹೆಂಗಸಿಗೆ ಹಸಿವೇನೂ ಇಲ್ಲ. ಬೆಳಿಗ್ಗೆಯಿಂದ ಇದು ಮೂರನೆಯ ಅಂಗಡಿ. ತೊಡೆಯ ಮೇಲಿನ ಫೋನಿನಲ್ಲಿ ಸ್ಟಾಪ್‌ವಾಚ್ ಓಡುತ್ತಿದೆ. ಪಕ್ಕದ ಸೀಟಿನಲ್ಲಿ ಒಂದು ಟವೆಲ್, ಅದರಡಿಯಲ್ಲಿ ಅಡುಗೆಮನೆಯ ಥರ್ಮಾಮೀಟರ್. ಮೈಕಿನ ಪೆಟ್ಟಿಗೆ ಗೊರಗೊರ ಎನ್ನುತ್ತದೆ. ಆಕೆ ಬಾಯಿಪಾಠ ಮಾಡಿಕೊಂಡದ್ದನ್ನು ಒಪ್ಪಿಸುತ್ತಾಳೆ: ಒಂದು ಚೀಸ್‌ಬರ್ಗರ್, ಒಂದು ಫ್ರೈಸ್, ಒಂದು ಮೀಡಿಯಂ ಕೋಕ್. ಆಮೇಲೆ, ಈಗಷ್ಟೇ ನೆನಪಾದವಳಂತೆ, “ಕೋಕ್‌ಗೆ ಐಸ್ ಬೇಡ.”

ಆ ಮೂರು ಪದ ಹೇಳುವುದಕ್ಕೇ ಆಕೆ ಅಲ್ಲಿಗೆ ಬಂದಿರುವುದು.

ಇದು ಯಾರೋ ಒಬ್ಬಾಕೆಯ ಕಥೆಯಲ್ಲ, ಒಂದು ಕಸುಬಿನ ದಿನಚರಿ. ಇಂಗ್ಲಿಷಿನಲ್ಲಿ ಮಿಸ್ಟರಿ ಶಾಪರ್ ಎನ್ನುತ್ತಾರೆ. ಕನ್ನಡದಲ್ಲಿ ಮಾರುವೇಷದ ಗಿರಾಕಿ ಎಂದರೆ ಸರಿಹೋದೀತು. ರಾತ್ರಿ ಕಂಬಳಿ ಹೊದ್ದು ಊರು ಸುತ್ತಿ ಪ್ರಜೆಗಳ ಮಾತು ಕದ್ದು ಕೇಳುತ್ತಿದ್ದ ರಾಜರ ಕಥೆ ಕೇಳಿ ಬೆಳೆದವರಿಗೆ ಇದೇನೂ ಹೊಸದಲ್ಲ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಕಂಬಳಿ ಹೊದ್ದವರು ರಾಜರಲ್ಲ, ರಾಜರ ಹತ್ತಿರ ಪುಡಿಗಾಸು ಪಡೆಯುವವರು. ಅಮೆರಿಕದಲ್ಲಿ ಈ ಪದ್ಧತಿಗೆ ಈ ಹೆಸರು 1940ರ ದಶಕದಿಂದಲೂ ಇದೆ. ಗಲ್ಲಾಪೆಟ್ಟಿಗೆಯ ನೌಕರರು ಪ್ರಾಮಾಣಿಕರೇ ಎಂದು ನೋಡುವುದಕ್ಕೆ ಶುರುವಾದದ್ದು, ಕಾಲಕ್ರಮೇಣ ನಗು, ವೇಗ, ಶುಚಿ, ರುಚಿ ಎಲ್ಲಕ್ಕೂ ಅಂಕ ಕೊಡುವ ಉದ್ಯಮವಾಯಿತು. ಫಾಸ್ಟ್‌ಫುಡ್ ಸರಣಿಗಳು ಇದರ ದೊಡ್ಡ ಗಿರಾಕಿಗಳು. ಒಂದು ಭೇಟಿಗೆ ಸಿಗುವುದು ತಿಂದ ಊಟದ ಬಿಲ್ಲಿನ ಹಣ, ಅದರ ಮೇಲೆ ಕೆಲವೇ ಡಾಲರ್. ಅದೂ ವಾರಗಳ ನಂತರ.

ಏನನ್ನು ತಿನ್ನಬೇಕು ಎಂಬುದನ್ನು ಬಹುಮಟ್ಟಿಗೆ ಅಂಕ ತುಂಬಲು ಕೊಟ್ಟ ನಮೂನೆಯೇ ಹೇಳಿಬಿಡುತ್ತದೆ. ಏನನ್ನು ಕುಡಿಯಬೇಕು ಎಂಬಲ್ಲಿ ಮಾತ್ರ ಎಷ್ಟೋ ಸಲ ಗಿರಾಕಿಯ ಇಷ್ಟಕ್ಕೆ ಬಿಟ್ಟಿರುತ್ತಾರೆ. ಸಣ್ಣ ವಿಷಯ ಎನಿಸಬಹುದು. ಆದರೆ ಈ ಇಡೀ ಕಸುಬಿನಲ್ಲಿ ನಿಜವಾಗಿ ಯೋಚಿಸಿ ಮಾಡಬೇಕಾದ ಆಯ್ಕೆ ಅದೊಂದೇ. ಅಂಗಡಿಯ ಹಣೆಬರಹ ಬರ್ಗರಿಗಿಂತ ಲೋಟದಲ್ಲಿ ಚೆನ್ನಾಗಿ ಓದಲು ಸಿಗುತ್ತದೆ.

ಐಸ್ ವಿಷಯವನ್ನೇ ನೋಡಿ. ಅಮೆರಿಕದ ‘ಕ್ಯೂಎಸ್‌ಆರ್’ ಎಂಬ ವ್ಯಾಪಾರ ಪತ್ರಿಕೆ ಕಾಲು ಶತಮಾನದಿಂದ ಡ್ರೈವ್-ಥ್ರೂಗಳ ಸಮೀಕ್ಷೆ ನಡೆಸುತ್ತಿದೆ. ಅದಕ್ಕೂ ಅಂಗಡಿಗೆ ಹೋಗುವವರು ಇಂಥ ಗುಪ್ತ ಗಿರಾಕಿಗಳೇ. ಅವರಿಗೆ ಕೊಟ್ಟ ಸೂಚನೆ ಸರಳ: ಒಂದು ಮುಖ್ಯ ತಿನಿಸು, ಜೊತೆಗೊಂದು ಪಕ್ಕದ ತಿನಿಸು, ಒಂದು ಪಾನೀಯ, ಇವುಗಳ ನಡುವೆ ಒಂದು ಸಣ್ಣ ವಿಶೇಷ ಬೇಡಿಕೆ. ಆ ಬೇಡಿಕೆಗೆ ಪತ್ರಿಕೆ ಕೊಡುತ್ತಿದ್ದ ಮಾದರಿಯೇ ಐಸ್ ಇಲ್ಲದ ಪಾನೀಯ. ಇದನ್ನು ಯೋಚಿಸಿದವರು ಜಾಣರು. ಅಲ್ಲಿನ ಲೋಟಕ್ಕೆ ಐಸ್ ಬೀಳುವುದು ಯಾರೂ ಯೋಚಿಸಿ ಮಾಡುವ ಕೆಲಸವಲ್ಲ. ಕೈ ತಾನಾಗಿ ಹೋಗುತ್ತದೆ. ಎಷ್ಟೋ ಕಡೆ ಕೈಯೂ ಇಲ್ಲ. ಲೋಟ ಇಳಿಸಿ, ಐಸ್ ಸುರಿದು, ಪಾನೀಯ ತುಂಬುವ ಯಂತ್ರವೇ ಕಿಟಕಿಯ ಪಕ್ಕ ನಿಂತಿರುತ್ತದೆ. “ಐಸ್ ಬೇಡ” ಎಂಬ ಮಾತು ಮೈಕಿನಿಂದ ಹೆಡ್‌ಫೋನಿಗೆ, ಹೆಡ್‌ಫೋನಿನಿಂದ ಪರದೆಗೆ, ಪರದೆಯಿಂದ ಲೋಟಕ್ಕೆ ದಾಟಬೇಕು. ಎಲ್ಲೇ ತಪ್ಪಿದರೂ ಲೋಟ ಗಲಗಲ ಸದ್ದು ಮಾಡಿ ಹೇಳಿಬಿಡುತ್ತದೆ. ಮುಚ್ಚಳ ತೆಗೆಯುವುದೂ ಬೇಡ, ಅಲ್ಲಾಡಿಸಿದರೆ ಸಾಕು. ಬೆಂಗಳೂರಿನ ಜ್ಯೂಸ್ ಅಂಗಡಿಯಲ್ಲಿ “ಐಸ್ ಬೇಡ, ಸಕ್ಕರೆ ಕಮ್ಮಿ” ಎಂದು ಹೇಳಿ, ಹುಡುಗ ಐಸ್ ಡಬ್ಬಕ್ಕೆ ಕೈ ಹಾಕುವುದನ್ನೇ ನೋಡುತ್ತ ನಿಂತವರಿಗೆ ಈ ಪರೀಕ್ಷೆಯ ಸೊಗಸು ಬಿಡಿಸಿ ಹೇಳಬೇಕಾಗಿಲ್ಲ.

ಐಸ್ ಬಗ್ಗೆ ಅಲ್ಲಿ ಕೋರ್ಟಿನವರೆಗೂ ಜಗಳ ನಡೆದಿದೆ. ತಣ್ಣನೆಯ ಪಾನೀಯಗಳಲ್ಲಿ ಐಸ್ ತುಂಬಿ, ಬರೆದಷ್ಟು ಅಳತೆ ಕೊಡುವುದಿಲ್ಲ ಎಂದು 2016ರಲ್ಲಿ ಸ್ಟಾರ್‌ಬಕ್ಸ್ ಮೇಲೆ ಮೊಕದ್ದಮೆ ಹೂಡಲಾಯಿತು. ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶರು ಅದೇ ವರ್ಷ ಅದನ್ನು ತಳ್ಳಿಹಾಕಿದರು. ಐಸ್ ಹಾಕಿದರೆ ಪಾನೀಯ ಕಡಿಮೆಯಾಗುತ್ತದೆ ಎಂಬುದು ಮಕ್ಕಳಿಗೂ ಗೊತ್ತಿರುವ ಸಂಗತಿ, ದೊಡ್ಡವರು ಇದರಲ್ಲಿ ಮೋಸಹೋದೆವು ಎನ್ನಲಾಗದು ಎಂಬುದು ಅವರ ತೀರ್ಪಿನ ಸಾರ. ನ್ಯಾಯವೇ ಸರಿ. ಆದರೆ ಲೆಕ್ಕ ಲೆಕ್ಕವೇ. ಅಂಗಡಿಗೆ ಕೋಲಾ ಬರುವುದು ಬಾಟಲಿಯಲ್ಲಲ್ಲ. ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲದಲ್ಲಿ ದಪ್ಪ ಸಿರಪ್ ಬರುತ್ತದೆ. ಸಾಮಾನ್ಯವಾಗಿ ಒಂದು ಚೀಲಕ್ಕೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಒಂದು ಪಾಲು ಸಿರಪ್ಪಿಗೆ ಹೆಚ್ಚುಕಡಿಮೆ ಐದು ಪಾಲು ಸೋಡಾ ನೀರು. ಅಲ್ಲಿಗೆ ಒಂದು ಚೀಲದಿಂದ ಸುಮಾರು 114 ಲೀಟರ್ ಪಾನೀಯ. ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ ಹಿಡಿಯುವ 16 ಔನ್ಸಿನ ಲೋಟಗಳಾದರೆ 240 ತುಂಬುತ್ತವೆ. ಪ್ರತಿ ಲೋಟದ ಮೂರನೇ ಒಂದು ಪಾಲು ಐಸ್ ಆದರೆ ಅದೇ ಚೀಲ 360 ಲೋಟಕ್ಕೆ ಸಾಕು. ಹೋಟೆಲ್ ನಡೆಸುವವರು ಪಾನೀಯವನ್ನು ಮೆನುವಿನ ಲಕ್ಷ್ಮಿಯಂತೆ ಕಾಣುವುದು ಸುಮ್ಮನೆ ಅಲ್ಲ.

ಇಷ್ಟು ಗೊತ್ತಾದ ಮೇಲೆ ಮಾರುವೇಷದ ಗಿರಾಕಿ ಸೀಲ್ ಮಾಡಿದ ನೀರಿನ ಬಾಟಲಿ ತೆಗೆದುಕೊಂಡರೆ ಏನೆನ್ನಬೇಕು? ಹಾಗೆ ಮಾಡುವವರು ಇದ್ದಾರೆ. ಅವರ ಕಷ್ಟವೂ ಸುಳ್ಳಲ್ಲ: ದಿನಕ್ಕೆ ಮೂರು ನಾಲ್ಕು ಅಂಗಡಿ ಸುತ್ತುವವರು ಅಷ್ಟೂ ಕಡೆ ಸಕ್ಕರೆ ನೀರು ಕುಡಿದರೆ ಆರೋಗ್ಯ ಏನಾಗಬೇಕು! ಬಾಟಲಿಯಾದರೆ ಮನೆಗಾದರೂ ಆಗುತ್ತದೆ. ಆದರೆ ಬಾಟಲಿ ತುಂಬಿದ್ದು ಎಲ್ಲೋ ದೂರದ ಕಾರ್ಖಾನೆ. ಆ ಅಂಗಡಿಯ ಬಗ್ಗೆ ಅದು ಹೇಳುವುದು ಫ್ರಿಜ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದಷ್ಟನ್ನೇ. ಫೌಂಟನ್ ಪಾನೀಯ ಹಾಗಲ್ಲ. ಅಲ್ಲೇ, ಆ ಕ್ಷಣದಲ್ಲೇ ತಯಾರಾಗುತ್ತದೆ. ಸಿರಪ್ ಮುಗಿಯುತ್ತ ಬಂದಿದ್ದರೆ ರುಚಿ ತೆಳುವಾಗುತ್ತದೆ. ಗ್ಯಾಸ್ ಸಿಲಿಂಡರ್ ಖಾಲಿಯಾಗಿದ್ದರೆ ಪಾನೀಯ ಸಪ್ಪೆ. ನಳಿಕೆ ತೊಳೆಯದೆ ಎಷ್ಟು ದಿನವಾಯಿತು ಎಂಬುದನ್ನು ನಾಲಿಗೆಯೇ ಹೇಳುತ್ತದೆ. ಐಸನ್ನು ಸೌಟಿನಲ್ಲಿ ತೆಗೆದರೋ, ಲೋಟವನ್ನೇ ಐಸಿನ ತೊಟ್ಟಿಗೆ ಅದ್ದಿದರೋ ಎಂಬುದು ಒಳಗೆ ನಿಂತವರ ಕಣ್ಣಿಗೇ ಬೀಳುತ್ತದೆ. ಅಮೆರಿಕದ ಆಹಾರ ನಿಯಮಾವಳಿ ಐಸನ್ನೂ ಆಹಾರವೆಂದೇ ಪರಿಗಣಿಸುತ್ತದೆ. ಬರಿಗೈ ತಾಗಿದ ಐಸ್ ಎಂದರೆ ಬರಿಗೈ ತಾಗಿದ ಬರ್ಗರ್ ಇದ್ದ ಹಾಗೆ.

ಸಸ್ಯಾಹಾರಿಗಳಿಗಂತೂ ಈ ಕಸುಬಿನಲ್ಲಿ ನಾಲಿಗೆ ಸಾಕ್ಷಿ ಹೇಳಬಲ್ಲದ್ದು ಲೋಟದ ವಿಷಯದಲ್ಲಿ ಮಾತ್ರ. ಫ್ರೈಸ್ ಇದೆಯಲ್ಲ ಎನ್ನಬೇಡಿ. ಫ್ರೈಸಿನಲ್ಲಿ ದನದ ಮಾಂಸದ ಸತ್ವ ಇರುವುದನ್ನು ಸರಿಯಾಗಿ ತಿಳಿಸಲಿಲ್ಲ ಎಂಬ ದಾವೆಯಲ್ಲಿ ಮೆಕ್‌ಡೊನಾಲ್ಡ್ಸ್ 2002ರಲ್ಲಿ 1 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು; ಆ ಹಣದ ದೊಡ್ಡ ಪಾಲು ಹೋದದ್ದು ಸಸ್ಯಾಹಾರಿ ಮತ್ತು ಹಿಂದೂ ಸಂಘಟನೆಗಳಿಗೆ.

ಪಾನೀಯಕ್ಕೂ ಗೂಢಚಾರಿಕೆಗೂ ಇರುವ ನಂಟು ಹಳೆಯದು, ಅದರಲ್ಲಿ ಒಂದು ಕಥೆ ಇನ್ನೂ ಸ್ವಾರಸ್ಯದ್ದು. 1931ರಲ್ಲಿ ನ್ಯೂಯಾರ್ಕಿನ ಲಾಫ್ಟ್ ಎಂಬ ಮಿಠಾಯಿ ಅಂಗಡಿಗಳ ಸರಣಿಯ ಯಜಮಾನ ಚಾರ್ಲ್ಸ್ ಗುತ್‌ಗೆ ಕೋಕಾ-ಕೋಲಾ ಮೇಲೆ ಸಿಟ್ಟು ಬಂತು. ಇಷ್ಟೊಂದು ಸಿರಪ್ ಕೊಳ್ಳುತ್ತೇನೆ, ರಿಯಾಯಿತಿ ಕೊಡಿ ಎಂದರೆ ಕಂಪನಿ ಒಪ್ಪಲಿಲ್ಲ. ಎರಡನೆಯ ಸಲ ದಿವಾಳಿಯೆದ್ದು ಕುಳಿತಿದ್ದ ಪೆಪ್ಸಿ ಎಂಬ ಕಂಪನಿಯನ್ನು ಆತ ಎತ್ತಿಕೊಂಡ, ತನ್ನ ಅಂಗಡಿಗಳಲ್ಲೆಲ್ಲ ಅದನ್ನೇ ಸುರಿಯಲು ಹಚ್ಚಿದ. ಕೋಕಾ-ಕೋಲಾ ಸುಮ್ಮನಿರಲಿಲ್ಲ. ಗಿರಾಕಿಗಳ ವೇಷದಲ್ಲಿ ತನ್ನ ಜನರನ್ನು ಕಳಿಸಿತು. ಕೋಕ್ ಕೇಳಿದಾಗ ಬಾಯಿಬಿಡದೆ ಪೆಪ್ಸಿ ಕೊಟ್ಟ ನಿದರ್ಶನಗಳನ್ನು ಕಲೆಹಾಕಿ ಡೆಲಾವೇರ್ ನ್ಯಾಯಾಲಯಕ್ಕೆ ಹೋಯಿತು. 1933ರಲ್ಲಿ ಅರ್ಜಿ ವಜಾ ಆಯಿತು. (ಗುತ್‌ನಿಗೂ ಕೊನೆಗೆ ಅದು ದಕ್ಕಲಿಲ್ಲ: ಲಾಫ್ಟಿನ ಹಣದಿಂದಲೇ ಪೆಪ್ಸಿ ಬೆಳೆಸಿದ್ದಕ್ಕೆ 1939ರಲ್ಲಿ ಅದೇ ರಾಜ್ಯದ ಸುಪ್ರೀಂ ಕೋರ್ಟ್ ಪೆಪ್ಸಿಯನ್ನು ಅವನ ಕೈಯಿಂದ ಕಿತ್ತು ಲಾಫ್ಟಿಗೆ ಕೊಟ್ಟಿತು. ಕಂಪನಿ ಕಾನೂನು ಓದುವವರು ಇಂದಿಗೂ ಈ ಪ್ರಕರಣವನ್ನು ಉರುಹೊಡೆಯುತ್ತಾರೆ.)

ಸೋತರೂ ಕೋಕಾ-ಕೋಲಾ ಪಟ್ಟು ಬಿಡಲಿಲ್ಲ. ಇದಕ್ಕೆಂದೇ ಕಂಪನಿಯೊಳಗೆ ಟ್ರೇಡ್ ರಿಸರ್ಚ್ ಡಿಪಾರ್ಟ್‌ಮೆಂಟ್ ಎಂಬ ವಿಭಾಗವಿತ್ತು. ಹೆಸರು ಗ್ರಂಥಾಲಯದ ಹಾಗಿದ್ದರೂ ಕೆಲಸ ಪತ್ತೇದಾರಿಯದು. ವಿಭಾಗದ ಜನ ಊರೂರು ತಿರುಗಿ ಹೋಟೆಲುಗಳಲ್ಲಿ ಕುಳಿತು “ಒಂದು ಕೋಕ್” ಎನ್ನುವುದು, ಬಂದ ಪಾನೀಯದಲ್ಲಿ ಸ್ವಲ್ಪವನ್ನು ಯಾರಿಗೂ ಕಾಣದಂತೆ ಪುಟ್ಟ ಸೀಸೆಗೆ ಬಗ್ಗಿಸಿಕೊಳ್ಳುವುದು, ಪ್ರಯೋಗಾಲಯಕ್ಕೆ ಕಳಿಸುವುದು. ಬೇರೆ ಕೋಲಾ ಎಂದು ಗೊತ್ತಾದರೆ ಮೊದಲು ಎಚ್ಚರಿಕೆ, ತಿದ್ದಿಕೊಳ್ಳದಿದ್ದರೆ ಮೊಕದ್ದಮೆ. ಕೋಕ್ ಎಂದರೆ ಜನರ ಬಾಯಲ್ಲಿ ಈಗ ಯಾವುದೇ ಕೋಲಾ, ಅದು ಯಾರೊಬ್ಬರ ಸ್ವತ್ತೂ ಅಲ್ಲ ಎಂದು ಹೋಟೆಲಿನವರು ವಾದಿಸಿ ನೋಡಿದರು. ಓವರ್‌ಲ್ಯಾಂಡ್ ಎಂಬ ಸಂಸ್ಥೆಯ ಪ್ರಕರಣದಲ್ಲಿ 1982ರಲ್ಲಿ ಅಮೆರಿಕದ ಒಂಬತ್ತನೆಯ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಕೋಕ್ ಎಂಬ ಅಡ್ಡಹೆಸರಿಗೆ ಅಲ್ಲಿನ ಸುಪ್ರೀಂ ಕೋರ್ಟಿನ ರಕ್ಷಣೆ 1920ರಲ್ಲೇ ಸಿಕ್ಕಿತ್ತು.

ಇಂದಿಗೂ ಅಮೆರಿಕದ ಹೋಟೆಲಿನಲ್ಲಿ ಕೋಕ್ ಕೇಳಿದಾಗ, ಅಲ್ಲಿರುವುದು ಪೆಪ್ಸಿಯಾದರೆ, ಮಾಣಿ “ಪೆಪ್ಸಿ ಆಗಬಹುದಾ?” ಎಂದು ತಪ್ಪದೆ ಕೇಳುತ್ತಾನೆ. ಸೌಜನ್ಯ ಎಂದುಕೊಳ್ಳುತ್ತೇವೆ. ಅದರ ಹಿಂದೆ ಸೀಸೆ ಹಿಡಿದು ತಿರುಗಿದವರ ಭಯ ಇದೆ. 2019ರ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯದ ವೇಳೆ ಪೆಪ್ಸಿ ಇದೇ ಪ್ರಶ್ನೆಯನ್ನು ತಮಾಷೆ ಮಾಡಿ ಜಾಹೀರಾತು ಕೊಟ್ಟಿತು. ಪಂದ್ಯ ನಡೆದದ್ದು ಕೋಕಾ-ಕೋಲಾದ ತವರೂರು ಅಟ್ಲಾಂಟಾದಲ್ಲಿ. ಇನ್ನು ಯಾವ ಅಂಗಡಿಯಲ್ಲಿ ಯಾವ ಕೋಲಾ ಎಂಬುದನ್ನು ಕಿಟಕಿಯ ಹುಡುಗಿ ತೀರ್ಮಾನಿಸುವುದಿಲ್ಲ. ಬರ್ಗರ್ ಕಿಂಗ್ 1983ರಲ್ಲಿ ಪೆಪ್ಸಿಗೆ ಹೋಗಿ 1990ರಲ್ಲಿ ಕೋಕ್‌ಗೆ ವಾಪಸಾಯಿತು. ಸಬ್‌ವೇ ಅಮೆರಿಕದಲ್ಲಿ 2025ರಿಂದ ಪೆಪ್ಸಿ ಕಡೆಗೆ ಹೊರಳಿದೆ. ಆಗೆಲ್ಲ ಹಳೆಯ ರೂಢಿಯಿಂದ ಕೋಕ್ ಕೇಳುವ ಗಿರಾಕಿಗೆ ಉತ್ತರ ಕೊಡುವ ಹೊರೆ ಬೀಳುವುದು ಆ ಹುಡುಗಿಯ ಮೇಲೆ. ಅದಕ್ಕೂ ಅಂಕ ಉಂಟು.

ಈ ಕೋಲಾ ಜಗಳದ ಒಂದು ಎಳೆ ಕರ್ನಾಟಕಕ್ಕೂ ಬರುತ್ತದೆ. 1977ರಲ್ಲಿ ಕೋಕಾ-ಕೋಲಾ ಭಾರತ ಬಿಟ್ಟು ಹೋದಾಗ ಕೈಗಾರಿಕಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಆ ಖಾಲಿ ಜಾಗಕ್ಕೆ ಸರ್ಕಾರವೇ ತಂದ ‘ಡಬಲ್ ಸೆವೆನ್’ ಪಾನೀಯದ ಪಾಕ ಸಿದ್ಧವಾದದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ. ಜನ ಅದನ್ನು ಬಹಳ ದಿನ ಕುಡಿಯಲಿಲ್ಲ, ಆ ಮಾತು ಬೇರೆ.

ಮತ್ತೆ ಡ್ರೈವ್-ಥ್ರೂ ಕಿಟಕಿಗೆ ಬರೋಣ. ಕೈಗೆ ಬಂದ ಲೋಟದ ಪ್ಲಾಸ್ಟಿಕ್ ಮುಚ್ಚಳವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಅದರ ಮೇಲೆ ಕಡಲೆಬೇಳೆ ಗಾತ್ರದ ಮೂರು ನಾಲ್ಕು ಉಬ್ಬುಗಳು, ಒಂದೊಂದರ ಪಕ್ಕ ಸಣ್ಣಕ್ಷರ: ಡಯಟ್, ಟೀ, ಇತರೆ. ಡಯಟ್ ಕೋಕ್ ತುಂಬಿದವರು ಹೆಬ್ಬೆರಳಿನಿಂದ ಆ ಉಬ್ಬನ್ನು ಒತ್ತಿದರೆ ಅದು ಟಕ್ ಎಂದು ಗುಳಿ ಬೀಳುತ್ತದೆ. ಒಂದೇ ಬಣ್ಣದ ನಾಲ್ಕು ಲೋಟ ಸಾಲಾಗಿ ನಿಂತಿರುವಾಗ ಯಾವುದು ಸಕ್ಕರೆಯದು, ಯಾವುದು ಅಲ್ಲದ್ದು ಎಂದು ಹೇಳಲು ಆ ಗುಳಿಯೊಂದೇ ಗುರುತು. ಸಕ್ಕರೆ ಕಾಯಿಲೆ ಇರುವವರಿಗೆ ಅದರ ಬೆಲೆ ಗೊತ್ತು. ಹೀಗಾಗಿ ಐಸ್ ಬಿಟ್ಟರೆ ಮಾರುವೇಷದ ಗಿರಾಕಿ ಕೇಳಬೇಕಾದ ಎರಡನೆಯ ಪಾನೀಯ ಡಯಟ್ ಕೋಲಾ, ಇಲ್ಲವೇ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಾದರೆ ಸಕ್ಕರೆ ಹಾಕದ ಐಸ್ ಟೀ. ಅಲ್ಲಿ ಟೀ ಎಂದರೆ ಸಾಮಾನ್ಯವಾಗಿ ಪಾನಕದಷ್ಟು ಸಿಹಿ. ಸಿಹಿ ಬೇಡ ಎಂದವರಿಗೆ ಸಿಹಿ ಬಂದರೆ ಮೊದಲ ಗುಟುಕಿನಲ್ಲೇ ತಿಳಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಕೆಲಸಗಾರರ ತಪ್ಪು ಸಿಕ್ಕೀತು. ಮುಂದಿನದು ಹಾಗಲ್ಲ.

ಕಾಫಿ ತೆಗೆದುಕೊಳ್ಳಿ. 1992ರಲ್ಲಿ ಆಲ್ಬುಕರ್ಕಿಯಲ್ಲಿ 79 ವರ್ಷದ ಮಹಿಳೆಯೊಬ್ಬರು ಮೆಕ್‌ಡೊನಾಲ್ಡ್ಸ್ ಡ್ರೈವ್-ಥ್ರೂನಲ್ಲಿ 49 ಸೆಂಟಿಗೆ ಕಾಫಿ ಕೊಂಡರು. ನಿಂತ ಕಾರಿನಲ್ಲಿ, ತೊಡೆಸಂದಿಯಲ್ಲಿ ಲೋಟ ಇಟ್ಟುಕೊಂಡು ಮುಚ್ಚಳ ತೆಗೆಯುವಾಗ ಕಾಫಿ ಚೆಲ್ಲಿತು. ಚರ್ಮ ಕಸಿ ಮಾಡಬೇಕಾಗುವಷ್ಟು ಸುಟ್ಟಿತು. ಆಕೆ ಮೊದಲು ಕೇಳಿದ್ದು 20,000 ಡಾಲರ್. ಕಂಪನಿ ಕೊಡಲಿಲ್ಲ. 1994ರಲ್ಲಿ ಜ್ಯೂರಿ 28 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಹೇಳಿತು. ನ್ಯಾಯಾಧೀಶರು ಅದನ್ನು 6,40,000ಕ್ಕೆ ಇಳಿಸಿದರು, ಆಮೇಲೆ ರಾಜಿಯಾಯಿತು. ಕಾಫಿ ಚೆಲ್ಲಿಕೊಂಡು ಕೋಟ್ಯಧೀಶೆಯಾದ ಮುದುಕಿ ಎಂದು ಜಗತ್ತು ಇಂದಿಗೂ ನಗುತ್ತದೆ. ಕಡತದಲ್ಲಿದ್ದ ಸಂಗತಿ ನಗುವಂಥದ್ದಲ್ಲ: ಕಾಫಿಯನ್ನು 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂಬುದು ಕಂಪನಿಯದೇ ನಿಯಮ, ಸುಟ್ಟಗಾಯದ ಸುಮಾರು 700 ದೂರುಗಳು ಅದಕ್ಕೂ ಮುನ್ನ ಬಂದಿದ್ದವು. ಆ ಕಾಲದ ಗುಪ್ತ ಗಿರಾಕಿಯೊಬ್ಬ ಅಲ್ಲಿ ಥರ್ಮಾಮೀಟರ್ ಅದ್ದಿದ್ದರೆ ಏನಾಗುತ್ತಿತ್ತು? 85 ಡಿಗ್ರಿ, ನಿಯಮಕ್ಕೆ ತಕ್ಕಂತಿದೆ, ಪೂರ್ತಿ ಅಂಕ.

ಈ ಕಸುಬಿನ ಕುರುಡು ಬಿಂದು ಇಲ್ಲೇ ಇರುವುದು. ನಿಯಮ ಪಾಲಿಸಿದರೇ ಎಂದು ನಮೂನೆ ಕೇಳುತ್ತದೆ. ನಿಯಮ ಸರಿಯೇ ಎಂದು ಕೇಳುವುದಿಲ್ಲ.

ಮಿಲ್ಕ್‌ಶೇಕಿನದು ಇನ್ನೊಂದು ಗೋಳು. ಮೆಕ್‌ಡೊನಾಲ್ಡ್ಸ್ ಅಂಗಡಿಗೆ ಹೋಗಿ ಶೇಕ್ ಅಥವಾ ಐಸ್‌ಕ್ರೀಮ್ ಕೇಳಿ “ಮೆಷಿನ್ ಕೆಟ್ಟಿದೆ” ಎಂಬ ಉತ್ತರ ಪಡೆಯದ ಅಮೆರಿಕನ್ನರು ಕಡಿಮೆ. ಟೇಲರ್ ಕಂಪನಿಯ ಆ ಯಂತ್ರ ತನ್ನನ್ನು ತಾನೇ ಕಾಯಿಸಿಕೊಂಡು ಕ್ರಿಮಿ ಕೊಲ್ಲುವ ಕೆಲಸಕ್ಕೆ ಸುಮಾರು ನಾಲ್ಕು ತಾಸು ತೆಗೆದುಕೊಳ್ಳುತ್ತದೆ. ನಡುವೆ ಏನಾದರೂ ತಪ್ಪಿದರೆ ಅರ್ಥವಾಗದ ಸಂಕೇತವೊಂದನ್ನು ತೋರಿಸಿ ನಿಂತುಬಿಡುತ್ತದೆ. ಬಿಚ್ಚಿ ನೋಡೋಣವೆಂದರೆ ಒಳಗಿನ ಸಾಫ್ಟ್‌ವೇರ್ ಬೀಗಕ್ಕೆ ಕಾಪಿರೈಟ್ ಕಾಯಿದೆಯ ಕಾವಲು. 2024ರ ಅಕ್ಟೋಬರಿನಲ್ಲಿ ಅಮೆರಿಕದ ಕಾಪಿರೈಟ್ ಕಚೇರಿಯ ಶಿಫಾರಸಿನಂತೆ ಅಂಗಡಿಗಳ ಆಹಾರ ಯಂತ್ರಗಳ ರಿಪೇರಿಗೆ ವಿನಾಯಿತಿ ಸಿಕ್ಕಿತು. ಅದಕ್ಕೂ ನಾಲ್ಕು ವರ್ಷ ಮೊದಲು, 2020ರಲ್ಲಿ, ಸಾಫ್ಟ್‌ವೇರ್ ಎಂಜಿನಿಯರ್ ಹುಡುಗನೊಬ್ಬ ಒಂದು ಉಪಾಯ ಮಾಡಿದ್ದ. ಮೆಕ್‌ಡೊನಾಲ್ಡ್ಸ್ ಆ್ಯಪಿನಲ್ಲಿ ದೇಶದ ಪ್ರತಿಯೊಂದು ಅಂಗಡಿಯಿಂದಲೂ ಮತ್ತೆ ಮತ್ತೆ ಐಸ್‌ಕ್ರೀಮ್ ಬುಟ್ಟಿಗೆ ಹಾಕಲು ಯತ್ನಿಸುವ ಪ್ರೋಗ್ರಾಂ ಬರೆದ. ಸಿಗದಿದ್ದರೆ ಅಲ್ಲಿ ಯಂತ್ರ ಕೆಟ್ಟಿದೆ ಎಂದರ್ಥ. ‘ಮೆಕ್‌ಬ್ರೋಕನ್’ ಎಂಬ ಆ ನಕ್ಷೆ ಎಲ್ಲರಿಗೂ ತೆರೆದಿತ್ತು. ಬಿಲ್ಲಿಲ್ಲ, ಹೊಟ್ಟೆಭಾರವಿಲ್ಲ, ಯಾವ ಕೆಲಸಗಾರನ ಹೆಸರೂ ಇಲ್ಲ. ಕಂಪನಿ ಮಾತ್ರ ಬಯಲಿನಲ್ಲಿ. ಕಂಪನಿಗಳು ಕಳಿಸುವ ಗುಪ್ತ ಗಿರಾಕಿಗಳ ವರದಿಯೆಲ್ಲ ಮುಚ್ಚಿದ ಲಕೋಟೆಯಲ್ಲಿ ಕಂಪನಿಗೇ ಹೋಗುತ್ತದೆ, ಕುಡಿಯುವವರಿಗೆ ಅದರ ಒಂದಕ್ಷರವೂ ಕಾಣುವುದಿಲ್ಲ. ಆ ಹುಡುಗ ಲಕೋಟೆ ಹರಿದು ಗೋಡೆಗೆ ಅಂಟಿಸಿದ.

ವಿಚಿತ್ರವೆಂದರೆ ಮೆಕ್‌ಡೊನಾಲ್ಡ್ಸ್ ಎಂಬ ಸಾಮ್ರಾಜ್ಯ ಬೆಳೆದದ್ದೇ ಮಿಲ್ಕ್‌ಶೇಕ್ ಯಂತ್ರದ ನೆಪದಿಂದ. 1954ರಲ್ಲಿ ರೇ ಕ್ರಾಕ್ ಐದು ಕಡ್ಡಿಯ ಮಲ್ಟಿಮಿಕ್ಸರ್ ಮಾರುವ ಮಾರಾಟಗಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಇಬ್ಬರು ಸಹೋದರರು ಒಂದೇ ಅಂಗಡಿಗೆ ಎಂಟು ಯಂತ್ರ ಕೊಂಡಿದ್ದಾರೆಂದು ಕೇಳಿ ಕುತೂಹಲ ತಡೆಯದೆ ಹೋದ. ಅಂಗಡಿಯ ಹೊರಗೆ ನಿಂತು, ಸಾಲಿನಲ್ಲಿದ್ದವರನ್ನು ಮಾತಾಡಿಸಿ, ಜನ ಏನು ಕೊಳ್ಳುತ್ತಾರೆ, ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ನೋಡಿದ. ಮರುವರ್ಷ ಏಪ್ರಿಲ್ 15ರಂದು ಇಲಿನಾಯ್‌ನ ಡೆಸ್ ಪ್ಲೇನ್ಸ್‌ನಲ್ಲಿ ತನ್ನದೇ ಅಂಗಡಿ ತೆರೆದ. ನೋಡಿದವನೇ ಯಜಮಾನನಾದ ಅಪರೂಪದ ಪ್ರಕರಣ ಅದು. ಈಗ ನೋಡುವವರು ಬೇರೆ, ಯಜಮಾನರು ಬೇರೆ, ಅಂಕ ಕಳೆದುಕೊಳ್ಳುವವರು ಮತ್ತೂ ಬೇರೆ.

ನಮೂನೆಗಳಲ್ಲಿ ಮತ್ತೊಂದು ಪ್ರಶ್ನೆ ಇರುತ್ತದೆ: ದೊಡ್ಡ ಲೋಟ ತೆಗೆದುಕೊಳ್ಳಿ ಎಂದು ಸಿಬ್ಬಂದಿ ಸೂಚಿಸಿದರೇ? ಸೂಚಿಸದಿದ್ದರೆ ಅಂಕ ಕಡಿತ. ಅಂದರೆ ಗಿರಾಕಿ ಬೇಡವೆಂದರೂ ಹೆಚ್ಚು ಸಕ್ಕರೆ ದಾಟಿಸಲು ಯತ್ನಿಸದ ಹುಡುಗ ಸೋಮಾರಿ. ಮೆಕ್‌ಡೊನಾಲ್ಡ್ಸ್ 2004ರಲ್ಲಿ 42 ಔನ್ಸಿನ, ಅಂದರೆ ಒಂದೂಕಾಲು ಲೀಟರಿನ ಸೂಪರ್‌ಸೈಜ್ ಲೋಟ ಕೈಬಿಡಲು ಹೊರಟಿತು. ನ್ಯೂಯಾರ್ಕ್ ಮೇಯರ್ ಮೈಕಲ್ ಬ್ಲೂಮ್‌ಬರ್ಗ್ 2012ರಲ್ಲಿ ಸಕ್ಕರೆ ಪಾನೀಯಕ್ಕೆ 16 ಔನ್ಸಿನ ಮಿತಿ ಹಾಕಹೊರಟರು. ಜಾರಿಯಾಗುವ ಹಿಂದಿನ ದಿನ ಕೋರ್ಟ್ ತಡೆಯಿತು, 2014ರಲ್ಲಿ ಪೂರ್ತಿ ಬಿದ್ದುಹೋಯಿತು. ಊರಿನ ಮೇಯರ್ ಸಣ್ಣ ಲೋಟ ಎಂದರೂ ಕಂಪನಿಯ ನಮೂನೆ ದೊಡ್ಡ ಲೋಟ ಎನ್ನುತ್ತದೆ. ಕಿಟಕಿಯಲ್ಲಿ ನಿಂತವರು ಕೇಳುವುದು ಸಂಬಳ ಕೊಡುವವರ ಮಾತನ್ನೇ.

ಆದ್ದರಿಂದ ಗುಪ್ತ ಗಿರಾಕಿಯ ವರದಿ ನೋಡಿ ಕೆಲಸಗಾರರ ಮೇಲೆ ಹರಿಹಾಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಐಸ್ ಎಷ್ಟು ಬೀಳಬೇಕು, ಸಿರಪ್ಪಿನ ಅನುಪಾತ ಎಷ್ಟು, ಕಾಫಿ ಎಷ್ಟು ಬಿಸಿ, ಯಂತ್ರ ಯಾರು ರಿಪೇರಿ ಮಾಡಬೇಕು, ಮಧ್ಯಾಹ್ನದ ಪಾಳಿಗೆ ಎಷ್ಟು ಜನ, ಎಲ್ಲವೂ ಮೇಲಿನಿಂದ ಬಂದ ತೀರ್ಮಾನ. ಮೆಕ್‌ಡೊನಾಲ್ಡ್ಸ್ ತಾನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ: ನಮ್ಮ ಕೋಕ್ ರುಚಿಯಾಗಿರುವುದಕ್ಕೆ ನೀರನ್ನೂ ಸಿರಪ್ಪನ್ನೂ ಮೊದಲೇ ತಣ್ಣಗಿಡುತ್ತೇವೆ, ಐಸ್ ಕರಗುವುದನ್ನು ಲೆಕ್ಕಹಿಡಿದೇ ಅನುಪಾತ ಇಡುತ್ತೇವೆ, ಸ್ಟ್ರಾ ಸಹ ಸ್ವಲ್ಪ ಅಗಲ ಎಂದು. ಅಂದರೆ ಐಸ್ ಬೇಡ ಎಂದವರಿಗೆ ಸಿಗುವುದು ತುಸು ಗಟ್ಟಿ ಕೋಕ್. ರುಚಿ ಚೆನ್ನಾಗಿದ್ದರೆ ಹಿರಿಮೆ ಎಂಜಿನಿಯರುಗಳದು. ಕೆಟ್ಟರೆ ದೋಷ ಮಾತ್ರ ಕಿಟಕಿಯ ಹುಡುಗಿಯದು ಎಂಬುದು ಯಾವ ನ್ಯಾಯ?

ಗುಪ್ತ ಗಿರಾಕಿಗಳ ಸ್ಥಿತಿಯೂ ಏನೂ ಹೆಚ್ಚಿನದಲ್ಲ. ನೌಕರರಲ್ಲ, ಬಿಡಿ ಗುತ್ತಿಗೆದಾರರು. ಪೆಟ್ರೋಲ್ ಅವರದು, ಕಾರು ಅವರದು, ರಸೀದಿಯ ಫೋಟೋ ಮಸುಕಾದರೆ ನಷ್ಟವೂ ಅವರದೇ. ಅಮೆರಿಕದಲ್ಲಿರುವ ಕನ್ನಡದ ಕುಟುಂಬಗಳಿಗೆ ಒಂದು ಮಾತು: ಮನೆಯಲ್ಲಿ ಸುಮ್ಮನಿರುವ ಬದಲು ಮಾಡೋಣವೆಂದು ಎಚ್-4 (ಅವಲಂಬಿತರ) ವೀಸಾದವರು ಇದಕ್ಕೆ ಕೈಹಾಕಿದರೆ ಕಷ್ಟ. ಕೆಲಸದ ಪರವಾನಗಿ ಇಲ್ಲದೆ ಇದನ್ನೂ ಮಾಡುವಂತಿಲ್ಲ; ಬರ್ಗರ್ ಪುಕ್ಕಟೆ ತಿಂದದ್ದಷ್ಟೇ ಎಂಬ ಸಬೂಬು ನಡೆಯುವುದಿಲ್ಲ. ಇನ್ನು ಈ ಹೆಸರಿನಲ್ಲಿ ನಡೆಯುವ ಮೋಸದ ಬಗ್ಗೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಎಚ್ಚರಿಸುತ್ತಲೇ ಇದೆ. ಅಂಚೆಯಲ್ಲಿ ಒಂದು ದೊಡ್ಡ ಚೆಕ್ ಬರುತ್ತದೆ, ಬ್ಯಾಂಕಿಗೆ ಹಾಕಿ ಒಂದು ಪಾಲು ನೀವಿಟ್ಟುಕೊಂಡು ಉಳಿದದ್ದನ್ನು ಇಂಥಲ್ಲಿಗೆ ಕಳಿಸಿ ಎಂದಿರುತ್ತದೆ. ಕಳಿಸಿ ಕೆಲವು ದಿನಕ್ಕೆ ಚೆಕ್ ನಕಲಿ ಎಂದು ಬ್ಯಾಂಕ್ ತಿಳಿಸುತ್ತದೆ. ನಿಜವಾದ ಕಂಪನಿ ಮುಂಗಡ ಹಣ ಕಳಿಸುವುದೂ ಇಲ್ಲ, ಸೇರಲು ಶುಲ್ಕ ಕೇಳುವುದೂ ಇಲ್ಲ.

ಅಂಗಡಿಯೊಳಗೆ ಕುಳಿತು ಉಣ್ಣುವ ಗಿರಾಕಿ ತಾನೇ ಲೋಟ ತುಂಬಿಕೊಳ್ಳುವ ಪದ್ಧತಿಗೂ ದಿನ ತುಂಬುತ್ತಿದೆ. ಅಮೆರಿಕದ ತನ್ನ ಅಂಗಡಿಗಳಿಂದ ಆ ಯಂತ್ರಗಳನ್ನು 2032ರೊಳಗೆ ತೆಗೆಯುವುದಾಗಿ ಮೆಕ್‌ಡೊನಾಲ್ಡ್ಸ್ 2023ರಲ್ಲಿ ಹೇಳಿದೆ. ಆಮೇಲೆ ಎಷ್ಟು ಐಸ್ ಎಂಬ ಗಿರಾಕಿಯ ಸ್ವಾತಂತ್ರ್ಯವೂ ಒಳಗಿನವರ ಕೈಗೆ ಹೋಗುತ್ತದೆ. ಗುಪ್ತ ಗಿರಾಕಿಗಳಿಗೆ ಕೆಲಸ ಹೆಚ್ಚಾಯಿತು ಎಂದೇ ಲೆಕ್ಕ.

ಏಳನೆಯ ಕಾರು ಕಿಟಕಿ ದಾಟಿ ಪಾರ್ಕಿಂಗ್ ಜಾಗದ ಮೂಲೆಗೆ ಬಂದು ನಿಂತಿದೆ. ಹೆಂಗಸು ಲೋಟ ಅಲ್ಲಾಡಿಸುತ್ತಾಳೆ. ಸದ್ದಿಲ್ಲ. ಮುಚ್ಚಳ ತೆಗೆದು ಥರ್ಮಾಮೀಟರ್ ಅದ್ದಿ ಅಂಕಿ ಬರೆದುಕೊಳ್ಳುತ್ತಾಳೆ. ಐಸ್ ಇಲ್ಲದೆ ಬಂತೇ? ಹೌದು. ಧನ್ಯವಾದ ಹೇಳಿದರೇ? ಹೌದು. ದೊಡ್ಡದು ಬೇಕೇ ಎಂದು ಕೇಳಿದರೇ? ಕೇಳಿದರು. ಯಂತ್ರ ಎಂದಿನಷ್ಟೇ ಪಾನೀಯ ಸುರಿದಿದೆ; ಐಸ್ ಇರಬೇಕಾಗಿದ್ದ ಜಾಗ, ಮೂರು ಬೆರಳಿನಷ್ಟು, ಮೇಲೆ ಖಾಲಿ. ಅದರ ಬಗ್ಗೆ ನಮೂನೆಯಲ್ಲಿ ಪ್ರಶ್ನೆ ಇಲ್ಲ. ಷರಾ ಬರೆಯುವ ಜಾಗದಲ್ಲಿ ಆಕೆ ಅರ್ಧ ಸಾಲು ಟೈಪ್ ಮಾಡುತ್ತಾಳೆ, ಗಡಿಯಾರ ನೋಡಿ ಅಳಿಸುತ್ತಾಳೆ. ಕೋಕನ್ನು ಹುಲ್ಲಿನ ಮೇಲೆ ಚೆಲ್ಲಿ ಲೋಟ ಕಸದ ಡಬ್ಬಕ್ಕೆ ಹಾಕುತ್ತಾಳೆ. ನಾಲ್ಕನೆಯ ಅಂಗಡಿ ಹನ್ನೊಂದು ಮೈಲಿ ದೂರ. ಅಲ್ಲಿ ಕಾಫಿ.